ಹಲಗೆಯೂ ಲೀಲೆಯೂ

ನಮ್ಮ ವೇದಾಂತಗ್ರಂಥಗಳಲ್ಲಿ ಕಡಲ ತೆರೆಯು ಬರುವುದು ದೃಷ್ಟಾಂತಕ್ಕಾಗಿ. ನೀರೇ ಸತ್ಯ, ತೆರೆಯೆಂಬುದು ನಾಮರೂಪಮಾತ್ರವೆಂದು ತೋರಿಸಿಕೊಟ್ಟು, ಕೆಲಸ ತೀರಿದ ಕೂಡಲೇ ಆಚಾರ್ಯರು ಅದನ್ನು ಕೈಬಿಡುವರು. ಹಾಗೆ ಕೈಬಿಟ್ಟ ತೆರೆಯನ್ನೇ ಬಾಳಿನ ಮುಖ್ಯ ವ್ಯವಹಾರವಾಗಿ ಹಿಡಿದು, ಅದರ ಮೇಲೆ ನಿಲ್ಲುವುದಕ್ಕೆಂದೇ ಮರವನ್ನು ಕಡಿದು, ಕೆತ್ತಿ, ನುಣುಪುಗೊಳಿಸಿ, ಎಣ್ಣೆಯುಣಿಸಿದ ಜನ ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳವರು. ಅವರ ಆಟವೇ ಇಂದು ಸರ್ಫಿಂಗ್ ಎಂಬ ಹೆಸರಿನಿಂದ ಲೋಕದ ಕರಾವಳಿಗಳನ್ನೆಲ್ಲ ಸುತ್ತಿ ನಮ್ಮ ಮುಲ್ಕಿಯ ಅಳಿವೆಯವರೆಗೆ ಬಂದಿದೆ. ಕ್ಷಣಮಾತ್ರದಲ್ಲಿ ಒಡೆದು ನೊರೆಯಾಗುವ ವಸ್ತುವಿಗಾಗಿ ವಾರಗಟ್ಟಲೆ ಕೈಯಾರೆ ದುಡಿಯುವ ಮನುಷ್ಯನನ್ನು ಮೂಢನೆನ್ನಬೇಕೆ, ಭೋಗಿಯೆನ್ನಬೇಕೆ, ಅಥವಾ ಅವನ ಕೆಲಸದಲ್ಲಿ ಧರ್ಮವೆನ್ನಬಹುದಾದ ಅಂಶವೇನಾದರೂ ಇದೆಯೆ ಎಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ.

ದಡದಲ್ಲಿ ನಿಂತವನ ಕಣ್ಣಿಗೆ ನೀರೇ ಓಡಿಬರುವಂತೆ ಕಂಡರೂ, ಆಳದ ಕಡಲಿನಲ್ಲಿ ನೀರು ಬಹುಮಟ್ಟಿಗೆ ಇದ್ದಲ್ಲೇ ಸುತ್ತು ತಿರುಗುವುದು. ಸಾವಿರಾರು ಮೈಲಿ ಸಾಗಿಬರುವುದು ಎಲ್ಲಿಯೋ ಎದ್ದ ಬಿರುಗಾಳಿ ಆ ನೀರಿಗೆ ಕೊಟ್ಟ ಶಕ್ತಿ. ಉತ್ತರ ಪೆಸಿಫಿಕ್ಕಿನ ಚಳಿಗಾಲದ ಬಿರುಗಾಳಿಯ ಶಕ್ತಿಯು ಹೀಗೆಯೇ ಹವಾಯಿಯ ಓಆಹು ದ್ವೀಪದ ಉತ್ತರ ತೀರವನ್ನು ಮುಟ್ಟಿ, ಕಡಲ ತಳವು ಮೇಲೆದ್ದು ಅಡ್ಡಗಟ್ಟಿದೆಡೆಯಲ್ಲಿ ತಲೆಯೆತ್ತಿ, ಮುಂದಕ್ಕೆ ಬಾಗಿ ಒಡೆಯುವುದು. ಅಂದಮೇಲೆ ಹಲಗೆಯ ಮೇಲೆ ನಿಂತವನಿಗೆ ಆಧಾರವಾಗಿರುವುದು ಬರಿಯ ನೀರಲ್ಲ, ನೀರಿಗಿಂತ ಬೇರೆಯಾದ ವಸ್ತುವೂ ಅಲ್ಲ. ವೇದಾಂತಿಯು ಬದಿಗೆ ಸರಿಸಿದ ಆ ರೂಪವೇ. ಅದನ್ನು ಮಿಥ್ಯೆಯೆಂದು ಉಪೇಕ್ಷಿಸುವ ಸೌಕರ್ಯ ದಡದ ಮೇಲಿನವರಿಗೆ ಮಾತ್ರ ಉಂಟು.

ಇನ್ನು ಹಲಗೆ. 1896ರ ತನ್ನ ವಾರ್ಷಿಕ ಸಂಪುಟದಲ್ಲಿ ಥಾಮಸ್ ಥ್ರಮ್ ಎಂಬವನು, ಕೋನಾ ಪ್ರಾಂತದ ಹವಾಯಿಯವನೊಬ್ಬನ ಹೇಳಿಕೆಯನ್ನಾಧರಿಸಿ, ಅದರ ನಿರ್ಮಾಣಕ್ರಮವನ್ನೆಲ್ಲ ಅಚ್ಚುಹಾಕಿಸಿದ್ದಾನೆ. ಮರಗಳು ಮೂರು: ಗಟ್ಟಿಯಾದ ಕೋಆ; ಉಲು, ಅಂದರೆ ನಮ್ಮ ಕರಾವಳಿಯ ಹಿತ್ತಲುಗಳಲ್ಲಿ ಬೆಳೆಯುವ ಜೀಗುಜ್ಜೆ; ವಿಲಿವಿಲಿ, ಅಂದರೆ ನಮ್ಮ ಹಾಲುವಾಣದ ಕುಲಕ್ಕೇ ಸೇರಿದ ಹಗುರಮರ. ತಕ್ಕ ಮರವನ್ನು ಆರಿಸಿದ ಮೇಲೆ ಅದರ ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನಿಡುವರು. ಮರವನ್ನು ಉರುಳಿಸಿದ ಬಳಿಕ ಬೇರಿನೆಡೆಯಲ್ಲಿ ಗುಂಡಿ ತೋಡಿ, ಪ್ರಾರ್ಥಿಸಿ, ತೆಗೆದುಕೊಂಡುದಕ್ಕೆ ಪ್ರತಿಯಾಗಿ ಆ ಮೀನನ್ನು ಅಲ್ಲಿ ಅರ್ಪಿಸುವರು. ಅನಂತರ ಬಾಚಿಯಿಂದ ಎರಡು ಬದಿಗಳನ್ನೂ ಕೆತ್ತಿ ಅಂದಾಜಿನ ಆಕಾರಕ್ಕೆ ತಂದು, ದೋಣಿಯ ಕೊಟ್ಟಿಗೆಗೆ ಸಾಗಿಸಿ, ಬಾಚಿಯ ಕಚ್ಚುಗಳು ಮಾಯುವವರೆಗೆ ಹವಳದ ಕಲ್ಲಿನಿಂದಲೂ ಒರಟುಗಲ್ಲಿನಿಂದಲೂ ತೀಡಿ, ಕಪ್ಪು ಬಣ್ಣವೇರಿಸಿ, ಕುಕುಯಿ ಎಂಬ ಕಾಯಿಯ ಎಣ್ಣೆಯಿಂದ ಹೊಳಪು ಕೊಡುವರು. ನೀರಿಗಿಳಿಸುವ ಮೊದಲು ಮತ್ತೊಂದು ಸಮರ್ಪಣೆ. ಆಟ ಮುಗಿದ ಮೇಲೆ ಹಲಗೆಯನ್ನು ಒಣಗಿಸಿ, ಎಣ್ಣೆ ತಿಕ್ಕಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ಜೋಪಾನ ಮಾಡುವರು.

ಇದನ್ನು ಓದುವಾಗ ವರಾಹಮಿಹಿರನ ಬೃಹತ್ಸಂಹಿತೆಯು ನೆನಪಾಗದಿರದು. ಪ್ರತಿಮೆಗಾಗಿ ಮರ ಕಡಿಯಲು ಕಾಡಿಗೆ ಹೋಗುವವನು ಮರವನ್ನು ಪೂಜಿಸಿ, ಬಲಿಯನ್ನರ್ಪಿಸಿ, ಅದರಲ್ಲಿ ನೆಲಸಿರುವ ಭೂತಗಳನ್ನು ಬೇರೆಡೆಗೆ ತೆರಳುವಂತೆ ಬೇಡಿಕೊಂಡ ಬಳಿಕವೇ ಕೊಡಲಿಯೆತ್ತಬೇಕೆಂದು ಅಲ್ಲಿ ವಿಧಿಸಿದೆ. ಅಲ್ಲಿ ಮರವು ದೇವರಾಗುವುದು, ಇಲ್ಲಿ ಆಟದ ಸಾಧನವಾಗುವುದು. ಭಾವನೆ ಮಾತ್ರ ಒಂದೇ ಬಗೆಯದು. ಆಟಕ್ಕಾಗಿ ಕಡಿದ ಮರಕ್ಕೂ ಋಣ ಸಲ್ಲಬೇಕೆಂದು ತಿಳಿದವರು ಆಟವನ್ನು ಹಗುರವಾಗಿ ಎಣಿಸಿರಲಾರರು.

ಹಾಗೆಂದು ಹಳೆಯ ಹವಾಯಿಯನ್ನು ಸತ್ಯಯುಗವೆಂದು ವರ್ಣಿಸುವ ಹುಮ್ಮಸ್ಸು ನನಗಿಲ್ಲ. ಓಲೋ ಎಂಬ ನೀಳವಾದ ಹಲಗೆಯು ಅರಸುಮನೆತನದವರ ಸ್ವತ್ತೆಂದು ಪ್ರತೀತಿ. ಕಪು ಎಂಬ ನಿಷೇಧಗಳ ಕಟ್ಟಳೆಯನ್ನು ಮೀರಿದವನಿಗೆ ಮರಣವೂ ದಂಡನೆಯಾಗಬಹುದಾಗಿತ್ತು. 1819ರಲ್ಲಿ ಅರಸೊತ್ತಿಗೆಯೇ ಆ ಕಟ್ಟಳೆಯನ್ನು ಮುರಿಯಿತು. ಮರುವರ್ಷ ಅಮೆರಿಕದ ಪಾದ್ರಿಗಳು ಬಂದಿಳಿದರು. ಅವರ ಮುಖಂಡನಾದ ಹೈರಮ್ ಬಿಂಗಮನು 1847ರ ತನ್ನ ಗ್ರಂಥದಲ್ಲಿ, ಅಲೆಯಾಟವು ಕ್ಷೀಣಿಸಿದುದಕ್ಕೆ ಜನರಲ್ಲಿ ಲಜ್ಜೆ, ಉದ್ಯಮಶೀಲತೆ, ಮತಶ್ರದ್ಧೆಗಳು ಬೆಳೆದುದೇ ಕಾರಣವಾಗಿರಬಹುದೆಂದು ಬರೆದನು. ಹೊರಗಿನಿಂದ ಬಂದ ರೋಗಗಳು ಆ ವೇಳೆಗೆ ಆ ಜನವನ್ನೇ ಕ್ಷಯಿಸುತ್ತಿದ್ದುವು. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದಾಗ ಲಕ್ಷಗಳಲ್ಲಿದ್ದ ಹವಾಯಿಯರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾರು 40,000ಕ್ಕೆ ಇಳಿದರು. ಆಡುವವರೇ ಸತ್ತರೆ ಆಟ ನಿಲ್ಲದೆ ಏನು ಮಾಡೀತು! ಆದರೆ ಬಿಂಗಮನ ಮಾತಿನೊಳಗಿನ ತತ್ತ್ವವನ್ನು ಮಾತ್ರ ಸುಮ್ಮನೆ ಬಿಡಲಾಗದು: ಉದ್ಯಮವೂ ಶ್ರದ್ಧೆಯೂ ಇರುವಲ್ಲಿ ಆಟಕ್ಕೆ ಎಡೆಯಿಲ್ಲವೆಂಬುದು ಅವನ ಗ್ರಹಿಕೆ. ಹಲಗೆ ಹೇಗೆ ಆಗುತ್ತಿತ್ತೆಂಬುದನ್ನು ಬಲ್ಲವರಿಗೆ, ಅವನು ಅಲ್ಲಿ ಉದ್ಯಮವನ್ನೂ ಶ್ರದ್ಧೆಯನ್ನೂ ಕಾಣದೆ ಹೋದುದು ವಿಚಿತ್ರವೆನಿಸುವುದು.

ಈ ಗ್ರಹಿಕೆಗೆ ನಮ್ಮಲ್ಲಿ ಪ್ರತಿವಾದ ಹಳೆಯದು. ಬ್ರಹ್ಮಸೂತ್ರಗಳಲ್ಲಿ ಸೃಷ್ಟಿಯ ಪ್ರಯೋಜನವನ್ನು ಕುರಿತ ಅಧಿಕರಣವೊಂದಿದೆ. ಪ್ರಯೋಜನವಿಲ್ಲದೆ ಯಾರೂ ಕೆಲಸಕ್ಕೆ ತೊಡಗರು. ಈಶ್ವರನಿಗೆ ಪ್ರಯೋಜನವುಂಟೆಂದರೆ ಅವನಿಗೆ ಕೊರತೆಯುಂಟೆಂದಾಗುವುದು, ಇಲ್ಲವೆಂದರೆ ಸೃಷ್ಟಿಯೇ ನಡೆಯದು ಎಂಬುದು ಪೂರ್ವಪಕ್ಷ. ಸೃಷ್ಟಿಯು ಲೀಲೆಯೆಂಬುದು ಸೂತ್ರಕಾರನ ಸಮಾಧಾನ. ಬೇಕಾದುದೆಲ್ಲವನ್ನೂ ಪಡೆದ ಅರಸನ ವಿಹಾರದಂತೆ, ಪ್ರಯತ್ನವಿಲ್ಲದೆ ನಡೆಯುವ ಉಸಿರಾಟದಂತೆ ಎಂದು ಶಂಕರಾಚಾರ್ಯರು ಅದನ್ನು ವಿವರಿಸುವರು. ದೇವರ ಮಟ್ಟಿಗೆ ಇದು ಒಪ್ಪುವ ಮಾತು. ಆದರೆ ಮನುಷ್ಯನು ಆಪ್ತಕಾಮನಲ್ಲ. ಅವನ ಆಟ ಬಹುಸಲ ಬೇಸರದಿಂದ ಹುಟ್ಟುವುದು, ಇನ್ನು ಕೆಲವು ಸಲ ಜಂಬದಿಂದ. ಬೆಳಗಾಗುವ ಮೊದಲೇ ಕಡಲಿಗಿಳಿದು, ಒಳ್ಳೆಯ ಅಲೆ ತನಗೇ ಸಿಗಲೆಂದು ಪಕ್ಕದವನನ್ನು ಓರೆಗಣ್ಣಿನಿಂದ ನೋಡುತ್ತ ಕಾಯುವವನನ್ನು ನಿಷ್ಕಾಮಕರ್ಮಿಯೆಂದು ಹೊಗಳುವುದು ಬರಿಯ ಮುಖಸ್ತುತಿ. ಅಲೆಯ ಆಸೆ ಅಪ್ಪಟ ಕಾಮವೇ.

ಈ ತೊಡಕನ್ನು ಆಟದೊಳಗಿನಿಂದಲೇ ಎದುರಿಸಿದವನು ಟಾಮ್ ಬ್ಲೇಕ್. 1902ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಅಂದರೆ ಕಡಲಿನಿಂದ ಬಹುದೂರದಲ್ಲಿ, ಹುಟ್ಟಿದ ಈತನು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಊರೂರು ಅಲೆದು, 1924ರಲ್ಲಿ ಹವಾಯಿಯನ್ನು ಸೇರಿದನು. ಹೊನಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಹಾಳುಬಿದ್ದಿದ್ದ ಹಳೆಯ ಓಲೋ ಹಲಗೆಗಳನ್ನು ದುರಸ್ತಿಮಾಡುತ್ತ ಅವುಗಳ ಮೈಕಟ್ಟನ್ನು ಅಭ್ಯಸಿಸಿ, ಅವುಗಳ ಭಾರವನ್ನು ನೀಗಿಸಲು ಒಳಗೆ ಟೊಳ್ಳಾದ ಹಲಗೆಯನ್ನು ಕಲ್ಪಿಸಿದನು. 1935ರಲ್ಲಿ ಹಲಗೆಯ ಅಡಿಗೆ ಮೊದಲಬಾರಿಗೆ ಈಜುರೆಕ್ಕೆಯನ್ನು ಜೋಡಿಸಿ, ಅದು ಅಡ್ಡಡ್ಡಲಾಗಿ ಜಾರದಂತೆ ಮಾಡಿದವನೂ ಅವನೇ. ಮುದಿತನದಲ್ಲಿ ಅವನು ತನ್ನ ನಾಡಿಗೆ ಮರಳಿ, ಪ್ರಕೃತಿಯೂ ದೇವರೂ ಸಮವೆಂಬ ಸಮೀಕರಣವನ್ನು ಮರಳುಗಲ್ಲಿನ ಬಂಡೆಯ ಮೇಲೆ ಕೆತ್ತಿದನು. ಸ್ಪಿನೋಜನ ಕಾಲದಿಂದ ಪಂಡಿತರು ಜಗ್ಗಾಡುತ್ತಿರುವ ಈ ಸಿದ್ಧಾಂತದ ಗುಣದೋಷ ಹಾಗಿರಲಿ. ಬ್ಲೇಕನ ಧರ್ಮವು ನನಗೆ ಆ ಬಂಡೆಯ ಬರಹಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣುವುದು 1937ರಲ್ಲಿ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯು ಪ್ರಕಟಿಸಿದ ಅವನ ನಕ್ಷೆಯಲ್ಲಿ: ಹಕ್ಕುಪತ್ರ ಪಡೆದ ತನ್ನ ಹಲಗೆಯನ್ನು ಯಾರು ಬೇಕಾದರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದಂತೆ ಅವನು ಅಳತೆಗಳ ಸಹಿತ ಲೋಕದ ಮುಂದಿಟ್ಟನು.

ಆ ಟೊಳ್ಳು ಹಲಗೆಯ ಪರಂಪರೆ ಇಂದಿಗೂ ಮನೆಗಳಲ್ಲಿ ನಡೆದಿದೆ. ನಡುವೆ ಬೆನ್ನೆಲುಬಿನಂತೆ ಒಂದು ಪಟ್ಟಿ, ಅದಕ್ಕೆ ಅಡ್ಡಲಾಗಿ ದೋಣಿಯ ಏಣುಗಳಂತೆ ಸಾಲಾಗಿ ತೆಳುವಾದ ಪಕ್ಕೆಗಳು, ಅವುಗಳ ಮೇಲೆ ಹಗುರಮರದ ಸೀಳುಗಳನ್ನು ಅಂಟಿನಿಂದ ಕೂಡಿಸಿ ಹೊದಿಸುವರು. ಅಂಟು ಒಣಗಿದ ಮೇಲೆ ಅಂಚುಗಳನ್ನು ಕೀಸುಳಿಯಿಂದ ದುಂಡಗೆ ಹೆರೆದು, ಉಪ್ಪುಕಾಗದದಿಂದ ಉಜ್ಜಿ, ಗಾಜಿನೆಳೆಯ ಬಟ್ಟೆಯನ್ನೂ ರಾಳವನ್ನೂ ಹೊದಿಸುವರು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿರಿಯದಂತೆ ಚಿಕ್ಕದೊಂದು ಗಾಳಿಗಿಂಡಿ. ನೀರಿಗಿಳಿಯುವ ಮುನ್ನ ಅದರ ಬಿರಡೆಯನ್ನು ತಿರುಗಿಸಿ ಮುಚ್ಚಬೇಕು.

ಗಟ್ಟಿನೊರೆಯಾದ ಪಾಲಿಯುರೆಥೇನಿನ ದಿಮ್ಮಿಯನ್ನು ಹೆರೆಯುವವರ ಕೋಣೆ ಇನ್ನೂ ನೋಡತಕ್ಕದ್ದು: ದೀಪಗಳು ಅಲ್ಲಿ ಛಾವಣಿಯಲ್ಲಿರುವುದಿಲ್ಲ, ಎರಡು ಗೋಡೆಗಳ ಮೇಲೆ ಸೊಂಟದೆತ್ತರದಲ್ಲಿ ಉದ್ದಕ್ಕೆ ಹಾಯ್ದಿರುವುವು, ಓರೆಯಾಗಿ ಬಿದ್ದ ಬೆಳಕಿನಲ್ಲಿ ಕೂದಲೆಳೆಯಷ್ಟು ಉಬ್ಬು ತಗ್ಗುಗಳೂ ನೆರಳಾಗಿ ತಲೆಯೆತ್ತುವುವು. ಕಣ್ಣಿಗೂ ತಪ್ಪಿದುದನ್ನು ಅಂಗೈ ಹಿಡಿಯುವುದು. ಒಂದು ಬದಿಯಿಂದ ತೆಗೆದಷ್ಟನ್ನೇ ಇನ್ನೊಂದು ಬದಿಯಿಂದಲೂ ತೆಗೆಯಬೇಕು. ಹೆಚ್ಚು ತೆಗೆದರೆ ಮತ್ತೆ ಹಚ್ಚುವಂತಿಲ್ಲ. ಆ ಹೊತ್ತಿನಲ್ಲಿ ಕೆಲಸಗಾರನ ಮನಸ್ಸಿನಲ್ಲಿ ಅಲೆಯ ಆಸೆಯೂ ಪಕ್ಕದವನ ಮೇಲಿನ ಮತ್ಸರವೂ ಇರಲು ಎಡೆಯೇ ಇಲ್ಲ. ಧ್ಯಾನವೆಂದು ದೊಡ್ಡ ಹೆಸರಿಡುವುದು ಬೇಡ; ಏಕಾಗ್ರತೆಯೆಂದರೆ ಸಾಕು. ಆದರೆ ಯಜ್ಞವನ್ನು ದ್ರವ್ಯ, ದೇವತೆ, ತ್ಯಾಗ ಎಂದು ಮೀಮಾಂಸಕರು ಬಿಡಿಸಿ ಹೇಳುವರಲ್ಲ, ಆ ಮೂರರಲ್ಲಿ ದ್ರವ್ಯವೂ ತ್ಯಾಗವೂ ಇಲ್ಲಿ ಕಣ್ಣೆದುರಿಗಿವೆ. ಆದುದರಿಂದ ಅಲೆಯಾಟದಲ್ಲಿ ಧರ್ಮಾಂಶವೇನಾದರೂ ಇದ್ದರೆ ಅದು ಬಹುಪಾಲು ಅಲೆಯ ಮೇಲಿಲ್ಲ, ಈ ಕೋಣೆಯಲ್ಲಿದೆ. ಹಲಗೆಯನ್ನು ತಾನೇ ಮಾಡಿದವನಿಗೆ ಅಲೆ ಪ್ರಸಾದದಂತೆ ಒದಗುವುದು. ಕೊಂಡುತಂದವನಿಗೆ ಅದು ಬಹುಶಃ ಭೋಗವಾಗಿಯೇ ಉಳಿಯುವುದು.

ಮಾತು ಕಠಿನವಾಯಿತೆಂದು ತೋರಬಹುದು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಆ ನೊರೆದಿಮ್ಮಿಗಳ ತಯಾರಿಕೆ ತೊಡಗಿದ ಮೇಲೆಯೇ ಹಲಗೆಯು ಬಡಹುಡುಗರ ಕೈಗೂ ಎಟಕಿತೆಂಬುದು ನಿಜ. ಅದರ ಇನ್ನೊಂದು ಮುಖವೂ ನಿಜ: ವಿಷಕಾರಿ ರಾಸಾಯನಿಕ ಆ ನೊರೆಯ ಮೂಲದ್ರವ್ಯ. ಅಮೆರಿಕದ ಬಹುಪಾಲು ಹಲಗೆಗಳಿಗೆ ದಿಮ್ಮಿ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಎಂಬ ಸಂಸ್ಥೆಯು 2005ರ ಡಿಸೆಂಬರಿನಲ್ಲಿ ಹಠಾತ್ತಾಗಿ ಬಾಗಿಲು ಹಾಕಿದಾಗ, ತಮ್ಮ ಆಟವೆಲ್ಲ ಒಂದು ಕಾರ್ಖಾನೆಯ ಮೇಲೆ ನಿಂತಿತ್ತೆಂಬುದು ಆಟಗಾರರಿಗೆ ಅರಿವಾಯಿತು. ಹಲವರು ಮತ್ತೆ ಮರದತ್ತ ತಿರುಗಿದರು. ಬೇರಿನೆಡೆಯ ಗುಂಡಿಯಲ್ಲಿ ಮೀನನ್ನಿಡುತ್ತಿದ್ದವನಿಗೆ ತನ್ನ ಹಲಗೆಗಾಗಿ ಯಾವುದು ಸತ್ತಿತೆಂಬುದು ತಿಳಿದಿತ್ತು. ಆ ತಿಳಿವಳಿಕೆಯನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಮುಲ್ಕಿಯಲ್ಲಿ ಈ ಆಟಕ್ಕೆ ಬೇರು ಕೊಟ್ಟವರು, ಅಮೆರಿಕದಲ್ಲಿ ಹುಟ್ಟಿ ವೈಷ್ಣವ ಸಂನ್ಯಾಸವನ್ನು ಸ್ವೀಕರಿಸಿ, ಸರ್ಫಿಂಗ್ ಸ್ವಾಮಿಯೆಂದೇ ಹೆಸರಾದ ಜಾಕ್ ಹೆಬ್ನರ್. 2004ರ ಸುಮಾರಿಗೆ ಅಲ್ಲಿ ಅವರು ನೆಲೆಗೊಳಿಸಿದ ಆಶ್ರಮದ ದೇವರು ಕಾಳಿಯಮರ್ದನ ಕೃಷ್ಣ, ನೀರಿನ ನಡುವೆ ಹೆಡೆಗಳ ಮೇಲೆ ಕುಣಿದವನು. ಮುಂಜಾನೆಯ ಪೂಜೆಗೂ ಅಲೆಯಾಟಕ್ಕೂ ಅಲ್ಲಿ ವಿರೋಧ ಕಾಣಲಿಲ್ಲ. ಮುಲ್ಕಿ, ಸಸಿಹಿತ್ಲುಗಳ ಹುಡುಗರು ಈಗ ಆ ಅಳಿವೆಯಲ್ಲಿ ನಿಪುಣರಾಗಿ ಆಡುತ್ತಿದ್ದಾರೆ. ಅವರಲ್ಲಿ ನನ್ನದೊಂದು ಬಿನ್ನಹ. ವಿಲಿವಿಲಿಯ ದಾಯಾದಿಯಾದ ಹಾಲುವಾಣ ನಮ್ಮ ಬೇಲಿಗಳಲ್ಲಿಯೂ ಕಾಫಿತೋಟಗಳಲ್ಲಿಯೂ ನಿಂತಿದೆ, ಬಾಚಿ ಹಿಡಿದು ದೋಣಿ ಕಟ್ಟಬಲ್ಲ ಆಚಾರಿಗಳು ಇನ್ನೂ ಊರಲ್ಲಿದ್ದಾರೆ. ಒಂದು ಹಲಗೆಯನ್ನು ನೀವೇ ಅವರ ಜತೆ ಕುಳಿತು ಮಾಡಿನೋಡಿ. ಮರಕ್ಕೆ ಕೊಡಲಿ ತಾಗಿಸುವ ಮುನ್ನ ಬುಡದಲ್ಲಿ ಏನನ್ನಿಡಬೇಕೆಂಬುದನ್ನೂ ಆಚಾರಿಯವರನ್ನೇ ಕೇಳಿ.