ಹಣೆಯ ಬರಹ, ಹಣೆಯ ಬೆವರು

ನಮ್ಮ ಹಟ್ಟಿಗಳಲ್ಲಿ ಕೂಸು ಸತ್ತರೆ ಹೇಳುವ ಮಾತು ಒಂದೇ: 'ಅದರ ಋಣ ಅಷ್ಟೇ ಇತ್ತು, ಬಿಡವ್ವ.' ಹೆತ್ತ ಹೊಟ್ಟೆಗೆ ಸಮಾಧಾನ ಬೇಕು, ಅಂದವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಋಣ ಅಂದ ಕೂಡಲೆ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಕೂಸಿಗೆ ಏನಾಗಿತ್ತು? ಯಾರು ನೋಡಬೇಕಿತ್ತು? ಯಾಕೆ ನೋಡಲಿಲ್ಲ? ಹೀಗೆ ಕೇಳದಂತೆ ಬಾಯಿ ಕಟ್ಟುವುದೇ ಕರ್ಮಸಿದ್ಧಾಂತ ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ.

ಹುಟ್ಟುವ ಪ್ರತಿ 1000 ಕೂಸುಗಳಲ್ಲಿ ಸುಮಾರು 8-9 ಕೂಸುಗಳಿಗೆ ಹೃದಯದ ರಚನೆಯಲ್ಲೇ ಊನವಿರುತ್ತದೆ. ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಕಿರಿದಾದ ಕವಾಟ, ಅದಲುಬದಲಾದ ರಕ್ತನಾಳ. ತಾಯಿ ಗ್ರಹಣದಲ್ಲಿ ಹೊರಗೆ ಬಂದಳು ಅಂತ ಅವಳ ತಲೆಗೆ ಕಟ್ಟುವುದು ಶುದ್ಧ ಸುಳ್ಳು. ಈ ಊನ ಜಾತಿ ಕೇಳಿ ಬರುವುದಿಲ್ಲ. ಜಾತಿ ಬರುವುದು ಆಮೇಲೆ: ಯಾರ ಕೂಸಿನ ಕಾಯಿಲೆಗೆ ಹೆಸರು ಸಿಗುತ್ತದೆ, ಯಾರ ಕೂಸು ಹೆಸರಿಲ್ಲದೆ ಮಣ್ಣಾಗುತ್ತದೆ ಎಂಬಲ್ಲಿ.

ಗುರುತುಗಳು ಇಲ್ಲದಿಲ್ಲ. ಮೊಲೆ ಕುಡಿಯುವುದೇ ಕೂಸಿನ ದುಡಿಮೆ. ಹೃದಯ ಸೋತ ಕೂಸು ನಾಲ್ಕು ಗುಟುಕಿಗೇ ದಣಿದು ಮೊಲೆ ಬಿಡುತ್ತದೆ, ಏದುಸಿರು ಬಿಡುತ್ತದೆ, ಅದರ ಹಣೆ ಬೆವರುತ್ತದೆ. ತೂಕ ಏರುವುದಿಲ್ಲ. ಮತ್ತೆ ಮತ್ತೆ ನ್ಯುಮೋನಿಯಾ. ಸುಮ್ಮನೆ ಮಲಗಿದಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಡಾಕ್ಟರು ನೋಡಲೇಬೇಕು. ಕೆಲವು ಕೂಸುಗಳು ನೀಲಿಗಟ್ಟುತ್ತವೆ. ನಮ್ಮಂಥ ಕಪ್ಪು ಮೈಯಲ್ಲಿ ನೀಲಿ ಸುಲಭಕ್ಕೆ ಕಾಣುವುದಿಲ್ಲ. ನಾಲಿಗೆ, ಒಸಡು, ತುಟಿಯ ಒಳಭಾಗ ನೋಡಬೇಕು. ದೊಡ್ಡ ಮಗು ಆಡುತ್ತಾ ಆಡುತ್ತಾ ಉಸಿರುಗಟ್ಟಿ ಕುಕ್ಕರಗಾಲಲ್ಲಿ ಕೂತರೆ, ಬೆರಳ ತುದಿ ಉಬ್ಬಿ ಉಗುರು ಗುಂಡಗಾಗಿದ್ದರೆ, ಮೇಷ್ಟ್ರೇ, ಅದನ್ನು ಸೋಮಾರಿ ಅಂತ ಬಯ್ಯಬೇಡಿ.

ನೈತಿಕ ಪ್ರಶ್ನೆ ಇರುವುದು ಇಲ್ಲೇ. ಒಸಡು ನೋಡಲು ಬಾಯಿ ತೆರೆಸಬೇಕು. ತೊಡೆಸಂದಿಯ ನಾಡಿ ಹಿಡಿಯಲು ಕೈ ಇಡಬೇಕು. ಕೇರಿಯ ಬಾಯಲ್ಲೇ ನಿಂತು ಪುಸ್ತಕ ತುಂಬಿಸಿಕೊಂಡು ಹೋಗುವವರಿಗೆ ಇದು ಯಾವುದೂ ಕಾಣದು. ಬಾವಿ, ಗುಡಿ, ಹೋಟೆಲಿನ ಲೋಟದಲ್ಲಿ ಕಂಡ ಅಸ್ಪೃಶ್ಯತೆ ಇಲ್ಲಿ ಕುರುಡಾಗಿ ಬರುತ್ತದೆ. ಗೊತ್ತಾಗಲಿಲ್ಲ ಎನ್ನುವವರು ಮುಗ್ಧರೇ? ಮುಟ್ಟಬಾರದೆಂದು ಮೊದಲೇ ತೀರ್ಮಾನಿಸಿದವರ ಅಜ್ಞಾನವೂ ಅಪರಾಧವೇ ಎನ್ನುತ್ತೇವೆ ನಾವು.

ಅಮೆರಿಕದ ಬಾಲ್ಟಿಮೋರಿನಲ್ಲಿ 1944ರ ನವೆಂಬರ್ 29ರಂದು ನೀಲಿಗಟ್ಟಿದ 15 ತಿಂಗಳ ಹೆಣ್ಣುಕೂಸಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಇಂಥ ಮಕ್ಕಳಿಗೆ ದಾರಿಯೊಂದು ಬೇಕೆಂದು ಹಟ ಹಿಡಿದವರು ಡಾ. ಹೆಲೆನ್ ಟಾಸಿಗ್, ಕತ್ತಿ ಹಿಡಿದವರು ಡಾ. ಬ್ಲಾಲಾಕ್. ನಾಯಿಗಳ ಮೇಲೆ ಪ್ರಯೋಗ ಮಾಡಿ ಆ ಹೊಲಿಗೆ ಪಳಗಿಸಿದವರು, ಅಂದು ಬ್ಲಾಲಾಕರ ಬೆನ್ನ ಹಿಂದೆ ನಿಂತು ಹೇಳಿಕೊಟ್ಟವರು ಕರಿಯ ಬಡಗಿಯ ಮಗ ವಿವಿಯನ್ ಥಾಮಸ್. 1930ರಲ್ಲಿ ಪ್ರಯೋಗಶಾಲೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಜಾಡಮಾಲಿಯ ದರ್ಜೆ. 1945ರ ವರದಿಯಲ್ಲಿ ಅವರ ಹೆಸರಿಲ್ಲ. ಆ ಮೊದಲ ಕೂಸು ಬಹಳ ಕಾಲ ಬದುಕಲಿಲ್ಲ. ಅದೇ ದಾರಿಯಲ್ಲಿ ಆಮೇಲೆ ಸಾವಿರಾರು ಮಕ್ಕಳು ಬದುಕಿದರು. ಯಾರ ಕೈಯನ್ನು ಲೋಕ ಕೀಳೆಂದಿತೋ ಆ ಕೈಯೇ ದಾರಿ ಕಂಡಿತು.

ಗೆಳೆಯರೇ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಂಡ ಬರಬೇಕು. ಹುಟ್ಟು ಹೃದ್ರೋಗ ಅವರ ಪಟ್ಟಿಯಲ್ಲಿದೆ. ನಿಮ್ಮ ಕೇರಿಗೆ ಬಂದಿದ್ದರೇ? ಕೂಸನ್ನು ಮುಟ್ಟಿದರೇ? ಕೇಳಿ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುಂಚೆ ಕೂಸಿನ ಬಲಗೈಗೂ ಕಾಲಿಗೂ ಬೆಳಕಿನ ಪಟ್ಟಿ ಕಟ್ಟಿ ರಕ್ತದ ಆಮ್ಲಜನಕ ಅಳೆಯಿರಿ ಅನ್ನಿ. ಅದು 95ಕ್ಕಿಂತ ಕಡಿಮೆಯಾದರೆ ಮತ್ತೆ ನೋಡಬೇಕು. ಎಲ್ಲ ಊನವೂ ಅದರಲ್ಲಿ ಸಿಗದು, ಆದ್ದರಿಂದ ನಮ್ಮ ಕಣ್ಣೂ ಬೇಕು. ಇದು ಯಾರ ದಯೆಯೂ ಅಲ್ಲ, ಕೂಸಿನ ಹಕ್ಕು.

ಹಣೆಯ ಬರಹ ಓದಿದವರು ಯಾರೂ ಇಲ್ಲ. ಹಣೆಯ ಬೆವರು ಯಾರಿಗೆ ಬೇಕಾದರೂ ಕಾಣುತ್ತದೆ. ಕಂಡ ಮೇಲೂ ಋಣ ಅಂದು ಸುಮ್ಮನೆ ಕೂರುವ ಹಕ್ಕು ನಮಗಿಲ್ಲ.