ಕಾಂಕ್ರೀಟ್ ಬ್ಲಾಕಿನ ಅಭಯ

ಮಾದನಾಯಕನಹಳ್ಳಿಯಲ್ಲಿ ತುಮಕೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ, ಏಳುತ್ತಿರುವ ಮನೆ, ಗೋದಾಮುಗಳ ಮುಂದೆ ಹಾಲೋ ಬ್ಲಾಕ್‌ಗಳ ರಾಶಿ. ಇಂಥದೇ ಟೊಳ್ಳು ಬ್ಲಾಕುಗಳು ಅಮೆರಿಕದ ಫ್ಲೋರಿಡಾ ಕೊಲ್ಲಿಯ ತಳದಲ್ಲೂ ಮನೆಗಳಾಗಿದ್ದವು. ಅಲ್ಲಿ ಒಕ್ಕಲಿಗೆ ಬಂದವು ಮರಿ ಲಾಬ್‌ಸ್ಟರ್‌ಗಳು: ಏಡಿಯಂಥ ದೊಡ್ಡ ಇಕ್ಕಳವಿಲ್ಲದೆ, ಬೆನ್ನ ಮೇಲಿನ ಮುಳ್ಳನ್ನೇ ನಂಬಿ ಬದುಕುವ ಜಾತಿ.

ಈ ಮರಿಗಳು ಹಗಲೆಲ್ಲ ಸ್ಪಂಜುಗಳ ಅಡಿ ಅಡಗುತ್ತಿದ್ದವು. 1991ರ ಕೊನೆಯಲ್ಲಿ ಕೊಲ್ಲಿಯಲ್ಲಿ ನೀಲಿಹಸಿರು ಪಾಚಿ ಉಕ್ಕಿ ಸ್ಪಂಜುಗಳು ರಾಶಿರಾಶಿ ಸತ್ತವು. ಮಾರ್ಕ್ ಬಟ್ಲರ್, ವಿಲಿಯಂ ಹರ್ನ್‌ಕೈಂಡ್ ಎಂಬ ವಿಜ್ಞಾನಿಗಳು ಬ್ಲಾಕುಗಳನ್ನು ಜೋಡಿಸಿ ಇಳಿಸಿ ನೋಡಿದರು. ಮರಿಗಳು ಒಳಹೊಕ್ಕವು.

ಇದು ಅಭಯದಾನವೇ?

ಕರ್ನಾಟಕದ ಜೈನ ಶಾಸನಗಳು ಕೊಂಡಾಡುವ ದಾನಗಳು ನಾಲ್ಕು: ಆಹಾರ, ಅಭಯ, ಔಷಧ, ಶಾಸ್ತ್ರ. ಅಭಯವೆಂದರೆ ಜೀವಕ್ಕೆ ಇನ್ನು ಭಯವಿಲ್ಲವೆಂಬ ಭರವಸೆ. ಮೆಕ್ಸಿಕೋದ ಪುಂತಾ ಆಯೆನ್ ಊರಿನ ಮೀನುಗಾರರು ಆ ಭರವಸೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಸಮುದ್ರವನ್ನು ಹೊಲಗಳಂತೆ ಹಂಚಿಕೊಂಡು, ತಮ್ಮ ಪಾಲಿನಲ್ಲಿ ‘ಕಸೀತಾ’ ಎಂಬ ತಗ್ಗು ಚಾವಣಿಗಳನ್ನು ಇಡುತ್ತಾರೆ. ಕಸೀತಾ ಎಂದರೆ ಪುಟ್ಟ ಮನೆ. ದೊಡ್ಡ ಬೇಟೆಮೀನು ಒಳಗೆ ನುಸುಳಲಾರದು. ಮನುಷ್ಯ ಮುಳುಗಿ ಬರುತ್ತಾನೆ, ಅಳತೆಗೆ ಬಂದದ್ದನ್ನು ಹಿಡಿಯುತ್ತಾನೆ, ಎಳೆಯದನ್ನು ಬಿಡುತ್ತಾನೆ.

ಶಿಬಿ ಚಕ್ರವರ್ತಿ ಮರೆಹೊಕ್ಕ ಪಾರಿವಾಳಕ್ಕಾಗಿ ತನ್ನ ತೊಡೆಯ ಮಾಂಸವನ್ನೇ ತಕ್ಕಡಿಗಿಟ್ಟ. ಕಸೀತಾದಲ್ಲಿ ತಕ್ಕಡಿ ಇದೆ, ಆದರೆ ತೂಗುವುದು ಮರೆಹೊಕ್ಕವನನ್ನು. ಇಷ್ಟಕ್ಕೇ ಅದನ್ನು ಕಪಟವೆಂದು ತಳ್ಳಿಹಾಕುವಂತಿಲ್ಲ. ಜೈನರು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡನ್ನು ಬಿಡಿಸಿ ನೋಡುತ್ತಾರೆ. ಕೈ ಮಾಡಿದ್ದು ಬೇರೆ, ಮನಸ್ಸು ಬಯಸಿದ್ದು ಬೇರೆ. ಆ ಲೆಕ್ಕದಲ್ಲಿ ಬಟ್ಲರ್ ಇಳಿಸಿದ ಬ್ಲಾಕೂ ಪುಂತಾ ಆಯೆನ್‌ನ ಚಾವಣಿಯೂ ಒಂದೇ ಅಲ್ಲ. ಮರಿಗೆ ಮಾತ್ರ ಎರಡೂ ಒಂದೇ ಕತ್ತಲು, ಒಂದೇ ನೆಮ್ಮದಿ. ದಾನದ ಬೆಲೆಯನ್ನು ಕೊಟ್ಟವನ ಮನಸ್ಸಿನಿಂದ ಕಟ್ಟಬೇಕೋ, ಪಡೆದ ಜೀವದ ಆಯಸ್ಸಿನಿಂದಲೋ?

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ. ಅಲ್ಲಿ ಯಾರೂ ಏನನ್ನೂ ಕಟ್ಟಿಲ್ಲ. ಹಿಡಿಯಬಾರದೆಂಬ ಮಾತೇ ಮೀನಿಗೆ ಸೂರು.

ಲಾಬ್‌ಸ್ಟರ್‌ಗಳಲ್ಲೂ ಒಂದು ಒಳರೀತಿಯಿದೆ. ಒಂದರ ವಾಸನೆ ಹಿಡಿದು ಇನ್ನೊಂದು ಅದೇ ಬಿಲಕ್ಕೆ ಬರುತ್ತದೆ. ಆದರೆ ಪಿಎವಿ1 ಎಂಬ ವೈರಸ್ ತಗುಲಿದ ಸಂಗಾತಿಯಿದ್ದರೆ ಆರೋಗ್ಯವಂತ ಮರಿ ಆ ಬಿಲವನ್ನು ದೂರವಿಡುತ್ತದೆ ಎಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ಬಿಲಗಳು ಹೇರಳವಾಗಿದ್ದರೆ ಹಾಗೆ ದೂರ ಸರಿಯುವುದು ಸುಲಭ. ಆಸರೆ ಕಡಿಮೆಯಿದ್ದಲ್ಲಿ ಒಂದೇ ಚಾವಣಿಗೆ ಹತ್ತಾರು ಮರಿಗಳನ್ನು ಕರೆದವನಿಗೆ ಆ ಕಾಯಿಲೆಯ ಹೊಣೆಯಲ್ಲೂ ಪಾಲಿದೆ.

ಭಾರತದ ಕರಾವಳಿಯಲ್ಲೂ ಮೀನು ಹೆಚ್ಚಲೆಂದು ಕಾಂಕ್ರೀಟಿನ ಕೃತಕ ಬಂಡೆಗಳು ಕಡಲಿಗಿಳಿಯುತ್ತಿವೆ. ಕಲ್ಲುದಂಡೆಯ ಲಾಬ್‌ಸ್ಟರ್ ಜಾತಿಯೊಂದಕ್ಕೆ 2003ರಲ್ಲಿ ನಿಗದಿಯಾದ ಕನಿಷ್ಠ ರಫ್ತು ತೂಕ 200 ಗ್ರಾಂ. ಅದಕ್ಕಿಂತ ಹಗುರವಾದದ್ದು ರಫ್ತಿಗೆ ಹೋಗುವಂತಿಲ್ಲ. ಮುಳ್ಳು ತಕ್ಕಡಿಯಲ್ಲಿ ಅಷ್ಟು ಸರಿದರೆ ಹೋಗಬಹುದು.