ದೇವರ ಚಿತ್ತವೋ, ನಮ್ಮ ಅಜ್ಞಾನವೋ?

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಎರಡು ಮೊಳ ಅಗಲದ ಒಂದು ಮಡಿ ಉಂಟು. ಬಿತ್ತುವವನ ಸಾಮ್ಯವನ್ನು ಅನೇಕಾವರ್ತಿ ವ್ಯಾಖ್ಯಾನಿಸಿದ ನಾನು ನಾಲ್ವತ್ತನೆಯ ವಯಸ್ಸಿನ ವರೆಗೆ ಒಂದು ಬದನೆಯ ಬೀಜವನ್ನಾದರೂ ಬಿತ್ತಿದವನಲ್ಲ. ಮೊದಲನೆಯ ಸಾರಿ ಒಟ್ಟಲು ಹಾಕಿದಾಗ ಸಸಿಗಳು ದಟ್ಟವಾಗಿ ಎದ್ದವು. ಎಂಟು ದಿವಸಗಳೊಳಗೆ ಅವುಗಳ ಬುಡ ಕೊಳೆತು, ಎಲ್ಲವೂ ನೆಲಕ್ಕೆ ಒರಗಿದವು. “ದೇವರ ಚಿತ್ತ” ಎಂದು ನಾನು ನಿಟ್ಟುಸಿರಿಟ್ಟೆನು.

ನೆರೆಮನೆಯ ಮುದುಕಿಯು ನಮ್ಮ ಸಭೆಗೆ ಸೇರಿದವಳಲ್ಲ, ಓದುಬರಹವನ್ನೂ ಅರಿಯಳು. ಆಕೆಯು ಮಡಿಯನ್ನು ನೋಡಿ, “ಅಯ್ಯನವರೇ, ದೇವರನ್ನು ಯಾಕೆ ಅನ್ನುತ್ತೀರಿ? ಹಸೀ ಸಗಣಿ ಹಾಕಿದವರು ಯಾರು? ಹಿಡಿಹಿಡಿ ಬೀಜ ಚೆಲ್ಲಿ, ಮೂರು ಹೊತ್ತು ನೀರು ಹೊಯ್ದವರು ಯಾರು?” ಎಂದಳು. ಈ ಮಾತು ನನ್ನ ಅಂತರಂಗವನ್ನು ಚುಚ್ಚಿತು. ನನ್ನ ಅಜ್ಞಾನಕ್ಕೆ ನಾನು ದೇವರ ನಾಮವನ್ನು ಹೊದಿಸಿದ್ದೆನಲ್ಲವೇ?

ಆ ದಿನ ಮೊದಲುಗೊಂಡು ಆಕೆಯೇ ನನಗೆ ಗುರು. ಗೊಬ್ಬರವು ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬಂದ ಮೇಲೆಯೇ ಹಾಕತಕ್ಕದ್ದು. ಮಳೆಗಾಲದಲ್ಲಿ ಮಡಿಯನ್ನು ಒಂದು ಗೇಣು ಎತ್ತರಿಸಬೇಕು. ಸಣ್ಣ ಬೀಜವನ್ನು ಮರಳಿನೊಂದಿಗೆ ಬೆರಸಿ ತೆಳುವಾಗಿ ಬಿತ್ತಬೇಕು. ನೀರನ್ನು ಬೆಳಿಗ್ಗೆ ಹಿತವಾಗಿ ಕೊಡಬೇಕು. ಯಾಕಂದರೆ ಗಾಳಿಯಾಡದ ತೇವದಲ್ಲಿ ಕಣ್ಣಿಗೆ ಕಾಣದ ಬೂಷ್ಟು ಹುಟ್ಟಿ ಎಳೆಯ ಕಾಂಡವನ್ನು ಕೊಳೆಸುವದು. ಬದನೆ ಮೆಣಸಿನ ಸಸಿಗಳನ್ನು ನಾಲ್ಕೈದು ವಾರಗಳಾದ ಮೇಲೆ ಸಂಜೆಯ ಹೊತ್ತು ಕಿತ್ತು ನೆಡಬೇಕು. ಬೆಂಡೆ, ಹುರುಳಿಕಾಯಿ, ಸೋರೆಗಳನ್ನಾದರೋ ಇದ್ದ ಸ್ಥಳದಲ್ಲಿಯೇ ಊರಬೇಕು.

ಹಾಗಾದರೆ ಸಕಲವೂ ದೇವರ ಚಿತ್ತದಿಂದ ನಡೆಯುವದಿಲ್ಲವೋ ಎಂದು ಯಾರಾದರೂ ಕೇಳಬಹುದು. ನಡೆಯುವದು ನಿಜ. ಆದರೆ ಬೀಜಕ್ಕೂ ಮಣ್ಣಿಗೂ ಒಂದು ಕ್ರಮವನ್ನು ನೇಮಿಸಿದ್ದೂ ಆತನ ಚಿತ್ತವೇ. ಆ ಕ್ರಮವನ್ನು ಕಲಿಯದೆ ಕೆಡಿಸಿ, ಕೆಟ್ಟದ್ದನ್ನು ಆತನ ಚಿತ್ತವೆನ್ನುವದು ಭಕ್ತಿಯಲ್ಲ, ಸೋಮಾರಿತನ.

ಸೇರಾಂಪುರದ ವಿಲಿಯಂ ಕೇರಿಯವರು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತರ್ಜುಮೆ ಮಾಡಿದ ಕೈಯಿಂದಲೇ ಗಿಡಗಳನ್ನೂ ಸಾಕಿದರು. 1820ರಲ್ಲಿ ಕಲ್ಕತ್ತೆಯಲ್ಲಿ ವ್ಯವಸಾಯ ತೋಟಗಾರಿಕೆಗಳ ಸಂಘವನ್ನು ಸ್ಥಾಪಿಸಿದರು. 1823ರ ಪ್ರವಾಹದಲ್ಲಿ ಅವರ ತೋಟವು ಹಾಳಾಯಿತು. ಅವರು ತಿರಿಗಿ ನೆಟ್ಟರು. ತಿಳಿದದ್ದನ್ನೆಲ್ಲಾ ಮಾಡಿದ ಮೇಲೆ ಪ್ರವಾಹ ಬಂದರೆ, ಇಲ್ಲವೆ ನಮ್ಮ ಸೀಮೆಯಲ್ಲಿ ಆಗುವಂತೆ ಮಳೆ ತಪ್ಪಿದರೆ, ಆಗ “ದೇವರ ಚಿತ್ತ” ಎಂಬ ಮಾತು ನಮ್ಮ ಬಾಯಿಗೆ ಒಪ್ಪುವದು.

ಇದು ಕಾಯಿಪಲ್ಯದ ಸಂಗತಿ ಮಾತ್ರವಲ್ಲ. ನೀರನ್ನು ಕಾಯಿಸದೆ ಕುಡಿದು ಭೇದಿ ತಂದುಕೊಳ್ಳುವದೂ, ಮಕ್ಕಳನ್ನು ಶಾಲೆಗೆ ಕಳುಹಿಸದೆ ಅವರ ಹಣೆಬರಹವನ್ನು ದೂರುವದೂ ಇದೇ ಜಾತಿಯ ತಪ್ಪುಗಳು. ಆದರೂ ಒಂದು ಎಚ್ಚರಿಕೆ ಬೇಕು. ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕೇ ಹೊರತು ಮಗುವನ್ನು ಕಳಕೊಂಡ ತಾಯಿಯ ಮುಂದೆ ಎತ್ತಬಾರದು. ಯೋಬನ ಸ್ನೇಹಿತರು ದುಃಖಿತನಲ್ಲಿ ತಪ್ಪು ಹುಡುಕಿದ್ದರಿಂದಲೇ ದೇವರ ಕೋಪಕ್ಕೆ ಗುರಿಯಾದರು. ದುಃಖದ ಮನೆಯಲ್ಲಿ ಜೊತೆಗೆ ಅಳುವದೇ ನಮ್ಮ ಕೆಲಸ.

ಈ ವರುಷ ಮಡಿಯಲ್ಲಿ ಬದನೆಗಳು ಕಾಯಿಬಿಟ್ಟಿವೆ. ಮೊದಲನೆಯ ಬುಟ್ಟಿಯ ಅರ್ಧವನ್ನು ಸಭೆಯ ಪ್ರಥಮಫಲದ ಕಾಣಿಕೆಗೆ ಇಟ್ಟು, ಅರ್ಧವನ್ನು ಆ ತಾಯಿಗೆ ಕೊಟ್ಟೆನು. ಆಕೆಯು ಒಂದನ್ನು ಒಡೆದು ನೋಡಿ, “ಹುಳವಿದೆ, ಇನ್ನೂ ಕಲಿಯುವದಿದೆ” ಎಂದು ನಕ್ಕಳು. ನಾನೂ ಆಮೆನ್ ಎಂದೆನು.